ಎರಡನೇ ಕೋಳಿಯ ತಿಳಿಸಾರು

ಹೊಸದುರ್ಗದ ಕೆಳಗಿನ ಓಣಿಗೆ ಕರೆಂಟಿನ ಕಂಬ ಬಂದು, ತಂತಿ ಇನ್ನೂ ಬಾರದೆ ಇದ್ದ ವರ್ಷದ ಮಾಗಿ ಅದು. ಬಿಸಿಲು ಹೊಸ್ತಿಲಿಗೆ ಬೀಳುವ ತನಕ ಓಣಿಯಲ್ಲಿ ಯಾರೂ ಕಂಬಳಿ ಬಿಟ್ಟು ಏಳುತ್ತಿರಲಿಲ್ಲ. ಆದರೆ ಕುರುಬರ ಓಬಕ್ಕನ ಸೊಸೆ ಬರಗೇರಮ್ಮ ಆ ದಿನ ಎಲ್ಲರಿಗಿಂತ ಮೊದಲು ಎದ್ದಳು. ಗಂಡನ ಭುಜ ಅಲುಗಿಸಿ ಮೆಲ್ಲಗೆ ಕೇಳಿದಳು.

"ಒಂದು ಕೋಳಿ ಕೊಯ್ದು ಕೊಟ್ಟು ಹೋಗ್ತೀರಾ?"

ಗುಡ್ಡಪ್ಪ ಕಣ್ಣುಜ್ಜಿಕೊಂಡ. ಅವನ ಕುರಿಮಂದೆ ಮಾಡದಕೆರೆ ಕಡೆಯ ಹೊಲದಲ್ಲಿತ್ತು. ಹೊಲಕ್ಕೆ ಗೊಬ್ಬರವಾಗಲೆಂದು ರೈತರು ಕುರಿ ನಿಲ್ಲಿಸಿಕೊಳ್ಳುವ ಕಾಲ. ತಮ್ಮನನ್ನು ಕಾವಲಿಗೆ ಬಿಟ್ಟು ಬಂದಿದ್ದವನು ಹೊತ್ತು ಹುಟ್ಟುವುದರೊಳಗೆ ವಾಪಸು ಹೊರಡಬೇಕಿತ್ತು.

"ಯಾಕೆ, ನೆಂಟ್ರು ಬರ್ತಾರೇನು?"

"ಇಲ್ಲ. ಪ್ಯಾರಜ್ಜಿಗೆ."

ಅಷ್ಟು ಕೇಳಿದ್ದೇ ಅವನು ಎದ್ದ. ಮಂಕರಿ ಎತ್ತಿ, ಅದರಡಿ ಮುದುರಿ ಕೂತಿದ್ದ ಕೋಳಿಗಳಲ್ಲಿ ಎಳೆಯದೊಂದನ್ನು ಹಿಡಿದು, ಹಿತ್ತಲಲ್ಲಿ ಕೊಯ್ದು, ಚರ್ಮ ತೆಗೆದು, ಸಣ್ಣ ಸಣ್ಣ ತುಂಡು ಮಾಡಿ ಕೊಟ್ಟ. ರೊಟ್ಟಿಯ ಗಂಟು ಹೆಗಲಿಗೇರಿಸಿಕೊಂಡು, "ಅಜ್ಜಿಗೆ ನಾನು ಕೇಳ್ದೆ ಅಂತ ಹೇಳು" ಎಂದು ಹೊರಟೇ ಹೋದ.

ಪ್ಯಾರಜ್ಜಿ ಎಂದರೆ ಪ್ಯಾರಿ ಬೀ, ಬೇಲಿಯಾಚೆಗಿನ, ಓಣಿಯ ಕೊನೆಯ ಮನೆಯವಳು. ಹತ್ತಿ ಹಿಂಜಿ ಗಾದಿ ಹೊಲಿಯುವ ಮನೆತನ. ಎರಡು ವರ್ಷದ ಹಿಂದೆ ಬರಗೇರಮ್ಮನಿಗೆ ಹೆರಿಗೆಯಾಗಿ ರಕ್ತ ನಿಲ್ಲದೆ ಹೋದಾಗ ಓಬಕ್ಕ ಎಳೆಗೂಸನ್ನು ಎತ್ತಿಕೊಂಡು ದಿಕ್ಕು ತೋಚದೆ ನಿಂತುಬಿಟ್ಟಿದ್ದಳು. ಗುಡ್ಡಪ್ಪ ಹಿರಿಯೂರಿನ ಆಚೆ ಎಲ್ಲೋ ಮಂದೆಯ ಜೊತೆಗಿದ್ದ. ಆಗ ಪ್ಯಾರಿ ಬೀ ರಸ್ತೆಯ ನಡುವೆ ನಿಂತು ತೆಂಗಿನಕಾಯಿ ಲಾರಿಯೊಂದನ್ನು ಅಡ್ಡಹಾಕಿದಳು. ಯಾರಿಗೋ ಹೊಲಿದಿಟ್ಟಿದ್ದ ಹೊಸ ಗಾದಿಯನ್ನು ಕಾಯಿಗಳ ಮೇಲೆ ಹಾಸಿ, ಬರಗೇರಮ್ಮನ ತಲೆಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಜಿಲ್ಲಾಕೇಂದ್ರವಾದ ದುರ್ಗದ ದೊಡ್ಡಾಸ್ಪತ್ರೆಗೆ ಕರೆದೊಯ್ದಳು. ಅಲ್ಲಿ ಹನ್ನೊಂದು ದಿನ ಮಂಚದ ಪಕ್ಕ ನೆಲದ ಮೇಲೆ ಮಲಗಿದಳು.

ಇದಕ್ಕೆ ಬರಗೇರಮ್ಮ ಉಪಕಾರವಾಯಿತೆಂದು ಒಂದು ಮಾತೂ ಆಡಿರಲಿಲ್ಲ. ಆಡಬಾರದೆಂದಲ್ಲ, ಬರುತ್ತಿರಲಿಲ್ಲ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಹುಟ್ಟಿನಿಂದಲೇ ನಾಚಿಕೆಯವಳು. ನಾಲಗೆಯ ಕೆಲಸವನ್ನೆಲ್ಲ ಅವಳ ಕಣ್ಣೇ ಮಾಡುತ್ತಿತ್ತು. ಪ್ಯಾರಿ ಬೀ ಬಂದಾಗ ಜಗುಲಿಯನ್ನು ಸೆರಗಿನಿಂದ ಒರೆಸಿ ಕೂರಲು ಜಾಗ ಮಾಡುವಳು. ಅಷ್ಟೇ.

ಈಗ ಆ ಪ್ಯಾರಿ ಬೀ ಹಾಸಿಗೆ ಹಿಡಿದು ಎಂಟು ದಿನವಾಗಿತ್ತು. ಜ್ವರ ಇಳಿದರೂ ಮೈಗೆ ತ್ರಾಣ ಬಂದಿರಲಿಲ್ಲ. ಮಗ ಮಕ್ಸೂದ್ ಬೆಳಿಗ್ಗೆ ಗಂಜಿ ಕಾಸಿಟ್ಟು, ಹತ್ತಿ ಹಿಂಜುವ ಬಿಲ್ಲು ಹೆಗಲಿಗೆ ಹಾಕಿಕೊಂಡು ಹಳ್ಳಿಗಳ ಕಡೆ ಹೋಗುತ್ತಿದ್ದ. ಚಳಿಗಾಲ ಬಿಟ್ಟರೆ ಅವನ ಕಸುಬಿಗೆ ಬೇರೆ ಕಾಲವಿಲ್ಲ. ಆ ಗಂಜಿ ಸಂಜೆಗೆ ಹಾಗೇ ಮೇಕೆಯ ಮುಂದೆ ಬೀಳುವುದನ್ನು ಬರಗೇರಮ್ಮ ಬೇಲಿಯ ಈಚೆಯಿಂದ ದಿನವೂ ನೋಡುತ್ತಿದ್ದಳು. ಹಿಂದಿನ ದಿನ ಡಾಕ್ಟರು ಬಂದಾಗ ಬಾಗಿಲ ಮರೆಯಲ್ಲಿ ನಿಂತು ಕೇಳಿಸಿಕೊಂಡಿದ್ದಳು.

"ಹೊಟ್ಟೆಗೆ ಏನಾದ್ರೂ ಹೋಗ್ಲೇಬೇಕು ಕಣಪ್ಪ. ಎಣ್ಣೆ, ಖಾರ, ಮಸಾಲೆ ಬ್ಯಾಡ. ಕೋಳಿ ಬೇಯಿಸಿದ ತಿಳಿ, ಅದಕ್ಕೊಂದಿಷ್ಟು ಸೊಪ್ಪು. ಇನ್ನೆರಡು ದಿನ ಹಿಂಗೇ ಆದ್ರೆ ದುರ್ಗದ ಆಸ್ಪತ್ರೆಗೆ ಸೇರಿಸ್ಬೇಕಾಗ್ತದೆ."

ಆಸ್ಪತ್ರೆ ಎಂದದ್ದೇ ಪ್ಯಾರಿ ಬೀ ಗೋಡೆಯ ಕಡೆ ಹೊರಳಿದ್ದಳು. "ಈ ಸಲ ಹೋದ್ರೆ ಬರಲ್ಲ ನಾನು" ಎಂದು ಗೋಡೆಗೆ ಹೇಳಿದ್ದೂ ಬರಗೇರಮ್ಮನಿಗೆ ಕೇಳಿಸಿತ್ತು.

ಅದಕ್ಕೇ ಈ ಕೋಳಿ. ತುಂಡುಗಳನ್ನು ಅರಿಶಿನ ಹಚ್ಚಿ ತೊಳೆದು ಸಣ್ಣ ಉರಿಯಲ್ಲಿ ಬೇಯಲು ಇಟ್ಟಳು. ನಾಲ್ಕು ಎಸಳು ಬೆಳ್ಳುಳ್ಳಿ, ಜಜ್ಜಿದ ಶುಂಠಿ, ಚಿಟಿಕೆ ಜೀರಿಗೆ, ಏಳೆಂಟು ಕಾಳು ಮೆಣಸು, ಬೇರೇನೂ ಇಲ್ಲ. ಮೇಲೆ ಬಂದ ನೊರೆಯನ್ನು ಚಮಚದಲ್ಲಿ ತೆಗೆತೆಗೆದು ಚೆಲ್ಲಿದಳು. ಬಾವಿಯ ಕಟ್ಟೆಯ ತೇವದಲ್ಲಿ ಬೆಳೆದಿದ್ದ ಹೊನಗೊನ್ನೆ ಸೊಪ್ಪು, ಹಿತ್ತಲ ನುಗ್ಗೆಯ ಚಿಗುರು ಬಿಡಿಸಿ ಮಡಿಲಲ್ಲಿ ಇಟ್ಟುಕೊಂಡು ಕಾದಳು. ಸೊಪ್ಪನ್ನು ಕೊನೆಗೆ ಹಾಕಬೇಕು. ಮೊದಲೇ ಹಾಕಿದರೆ ಬಣ್ಣವೂ ಹೋಗುತ್ತದೆ, ಸತ್ವವೂ ಹೋಗುತ್ತದೆ.

ಅತ್ತೆ ಓಬಕ್ಕ ಮೊಮ್ಮಗಳನ್ನು ಕಂಕುಳಲ್ಲಿಟ್ಟುಕೊಂಡು ಬಂದು ಪಾತ್ರೆಗೆ ಇಣುಕಿದಳು.

"ಇದೇನೇ ಬರಗಿ, ಸಾರೋ, ಮುಖ ತೊಳಿಯೋ ನೀರೋ? ಕಾಯಿ ಇಲ್ಲ, ಖಾರ ಇಲ್ಲ. ಆ ಕೋಳಿ ಸತ್ತಿದ್ದಕ್ಕೆ ಒಂದು ಮರ್ಯಾದೆ ಬ್ಯಾಡ್ವಾ?"

"ಡಾಕ್ಟರು ಹಿಂಗೇ ಹೇಳಿದ್ದು ಅತ್ತೆ."

"ಡಾಕ್ಟರ ಹೆಂಡ್ತಿ ಏನು ಪಾಪ ಮಾಡಿದ್ಳೋ" ಎಂದು ಗೊಣಗುತ್ತಲೇ ಓಬಕ್ಕ ಒಲೆಗೆ ಒಳ್ಳೆಯ ಒಣಕಟ್ಟಿಗೆ ಆರಿಸಿ ತಂದು ಹಾಕಿದಳು.

ಬಿಸಿಲು ಓಣಿಗೆ ಇಳಿಯುವ ಹೊತ್ತಿಗೆ ಬರಗೇರಮ್ಮ ತಿಳಿಸಾರಿನ ಪಾತ್ರೆಗೆ ತಟ್ಟೆ ಮುಚ್ಚಿ, ಸೆರಗಿನಲ್ಲಿ ಹಿಡಿದು ಕೊನೆಯ ಮನೆಗೆ ಹೋದಳು. ಮಕ್ಸೂದ್ ಆಗಲೇ ಹೊರಟುಹೋಗಿದ್ದ. ಪ್ಯಾರಿ ಬೀ ಎರಡು ಗಾದಿಗಳ ನಡುವೆ ಹೂತಂತೆ ಮಲಗಿದ್ದಳು. ಬರಗೇರಮ್ಮ ಬಟ್ಟಲಿಗೆ ಬಗ್ಗಿಸಿದಾಗ ಮೆಣಸು, ಸೊಪ್ಪುಗಳ ಆವಿ ಆ ಮಬ್ಬು ಕೋಣೆಯ ತುಂಬ ಹರಡಿತು. ಮುದುಕಿ ಕಣ್ಣು ಬಿಟ್ಟಳು.

"ಯಾರು? ಬರಗೇರಿಯೇನೆ? ಏನು ತಂದೀಯ?"

"ಕೋಳಿ ನೀರು ಅಜ್ಜಿ. ಸೊಪ್ಪು ಹಾಕೈತೆ. ಖಾರ ಇಲ್ಲ."

"ಯಾ ಅಲ್ಲಾ! ನಂಗೋಸ್ಕರ ಕೋಳಿ ಕೊಯ್ಸಿದೀಯಾ?" ಮುದುಕಿ ಮೊಣಕೈಯೂರಿ ಎದ್ದು ಕೂತಳು. ಎಂಟು ದಿನದಲ್ಲಿ ಯಾರೂ ಕೂರಿಸದೆ ಅವಳು ತಾನಾಗಿ ಕೂತದ್ದು ಅದೇ ಮೊದಲು. ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು, ಆವಿಗೆ ಮುಖವೊಡ್ಡಿ, "ಬಿಸ್ಮಿಲ್ಲಾ" ಎಂದು ತುಟಿಯ ಹತ್ತಿರ ತಂದಳು.

ಆ ಮಾತು ಕಿವಿಗೆ ಬಿದ್ದದ್ದೇ ಬರಗೇರಮ್ಮನಿಗೆ ಬೆಳಗ್ಗೆ ಹಿತ್ತಲಲ್ಲಿ ಕೋಳಿ ಕೊಯ್ದದ್ದು ನೆನಪಾಯಿತು.

ಓಣಿಯಲ್ಲಿ ಮದುವೆಯಾಗಲಿ, ದೇವರ ಊಟವಾಗಲಿ, ಕುರಿ ಕೊಯ್ಯಲು ಸಂತೆಮಾಳದ ರೌಫ್ ಸಾಬರನ್ನೇ ಕರೆಯುತ್ತಿದ್ದರು. ಅವರು ಇದೇ ಮಾತು ಹೇಳಿ ಚೂರಿ ಆಡಿಸುತ್ತಿದ್ದರು. ಹಾಗೆ ಮಾಡಿದರೆ ಸಾಬರು, ಕುರುಬರು ಎನ್ನದೆ ಎಲ್ಲರೂ ಕೂತು ಉಣ್ಣಬಹುದು. ಆದರೆ ಮನೆಮಟ್ಟಿಗೆ ಕೊಯ್ಯುವ ಕೋಳಿಗೆ ಯಾರು ಅವರನ್ನು ಕರೆಯುತ್ತಾರೆ? ಗುಡ್ಡಪ್ಪ ಅರೆನಿದ್ದೆಯಲ್ಲಿ ಹಿತ್ತಲಲ್ಲಿ ಕೊಯ್ದಿದ್ದ. ಅವನಿಗೂ ಹೊಳೆಯಲಿಲ್ಲ, ಇವಳಿಗೂ ಹೊಳೆಯಲಿಲ್ಲ, ಓಬಕ್ಕನಿಗೂ ಹೊಳೆಯಲಿಲ್ಲ.

ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಮುದುಕಿಯ ಹೊಟ್ಟೆಗೆ ಎಂಟು ದಿನದ ಮೇಲೆ ಬಿಸಿಯಾದದ್ದು ಇಳಿಯುತ್ತಿತ್ತು. ಮತ್ತೆ ಅವಳು ಮಲಗಿಬಿಟ್ಟರೆ ಏನು ಗತಿ? ಇಷ್ಟೆಲ್ಲ ಒಂದು ಉಸಿರು ಎಳೆದುಕೊಳ್ಳುವಷ್ಟರಲ್ಲಿ ಬರಗೇರಮ್ಮನ ತಲೆಯಲ್ಲಿ ಸುತ್ತಿತು. ಅಷ್ಟರಲ್ಲಿ ಅವಳ ಕೈ ಬಟ್ಟಲನ್ನು ಹಿಡಿದೂ ಆಗಿತ್ತು.

"ಕುಡೀಬ್ಯಾಡ್ರಿ ಅಜ್ಜಿ!"

ಸಾರು ತುಳುಕಿ ಗಾದಿಯ ಮೇಲೆ ಚೆಲ್ಲಿತು. ಪ್ಯಾರಿ ಬೀ ಬೆರಗಾಗಿ ನೋಡಿದಳು.

"ರೌಫ್ ಸಾಬ್ರು ಕೊಯ್ದಿದ್ದಲ್ಲ. ನಮ್ಮನೆಯೋರು ಕೊಯ್ದಿದ್ದು. ನಂಗೆ ನೆನಪೇ ಆಗಲಿಲ್ಲ. ತಪ್ಪಾಯ್ತು ಅಜ್ಜಿ, ತಪ್ಪಾಯ್ತು." ಅವಳ ಕಣ್ಣಲ್ಲಿ ನೀರು ಇಳಿಯಿತು.

ಪ್ಯಾರಿ ಬೀ ಬಟ್ಟಲನ್ನು ನಿಧಾನವಾಗಿ ಕೆಳಗಿಟ್ಟಳು. ಆಮೇಲೆ ಹುಡುಗಿಯ ಕೆನ್ನೆ ಒರೆಸಿದಳು.

"ನಾನೂ ಕೇಳಲಿಲ್ವಲ್ಲೇ. ನೀನು ತಂದಿದೀಯ ಅಂದ್ಮೇಲೆ ಏನು ಕೇಳೋದು ಅಂತ ಕುಡಿಯಕ್ಕೆ ಹೋದೆ. ನೀನು ಸುಮ್ನಿದ್ದಿದ್ರೆ ಕುಡಿದೇಬಿಡ್ತಿದ್ದೆ." ಅವಳ ತಲೆ ಸವರುತ್ತಾ, "ಅಳಬ್ಯಾಡ ಬೇಟಿ. ಕಣ್ಣೀರಿಟ್ಟು ಹೇಳೋ ಅಷ್ಟು ನನ್ನ ಲೆಕ್ಕಕ್ಕಿಟ್ಟಿದೀಯಲ್ಲ, ನಂಗೆ ಹೊಟ್ಟೆ ತುಂಬ್ತು" ಎಂದಳು. ಆದರೆ ಹಾಗೆ ಹೇಳಿ ಮತ್ತೆ ಗಾದಿಗಳ ನಡುವೆ ಜಾರಿದಳು. ಮುಖ ಗೋಡೆಯ ಕಡೆಗೆ ಹೋಯಿತು.

ಬರಗೇರಮ್ಮ ಪಾತ್ರೆ ಹಿಡಿದು ಮನೆಗೆ ಓಡಿದಳು. ಜಗುಲಿಯಲ್ಲಿ ಕೂತಿದ್ದ ಓಬಕ್ಕ ನೋಡಿ ನಕ್ಕಳು.

"ಏನೇ, ವಾಪಸ್ ತಂದೀಯ? ಮುಖ ತೊಳಿಯೋ ನೀರು ಅಂತ ಅವಳೂ ಅಂದ್ಳಾ?"

ಬರಗೇರಮ್ಮ ನಡೆದದ್ದು ಹೇಳಿದಳು. ಓಬಕ್ಕನ ನಗು ಅಲ್ಲೇ ನಿಂತಿತು. ಹಣೆ ಹಣೆ ಬಡಿದುಕೊಂಡಳು.

"ಅಯ್ಯೋ, ಇಷ್ಟು ವರ್ಷ ಒಂದೇ ಓಣೀಲಿ ಬದುಕಿ ನಂಗಾದ್ರೂ ಹೊಳೀಬಾರ್ದಾ! ನೀನಾದ್ರೆ ಕೂಸು, ನಂಗೇನು ಬಂದಿತ್ತು ರೋಗ?"

ಎದ್ದವಳೇ ಮಗುವನ್ನು ಸೊಸೆಯ ಕೈಗಿತ್ತು, ತಿಪ್ಪೆಯ ಹತ್ತಿರ ಕೆದಕುತ್ತಿದ್ದ ಚುಕ್ಕಿ ಕೋಳಿಯನ್ನು ಅಟ್ಟಿಸಿಕೊಂಡು ಹೋಗಿ ಹಿಡಿದಳು. ಅದು ಓಬಕ್ಕನ ಜಂಬದ ಕೋಳಿ. ಮೊಟ್ಟೆಗೆ ಅದನ್ನು ಮೀರಿಸಿದ್ದು ಓಣಿಯಲ್ಲಿಲ್ಲವೆಂದು ಕಂಡವರಿಗೆಲ್ಲ ಹೇಳುತ್ತಿದ್ದಳು.

"ಅತ್ತೆ, ಅದು ಮೊಟ್ಟೆ ಇಡೋದು..."

"ಮೊಟ್ಟೇನ ಇನ್ನೊಂದು ಕೋಳಿ ಇಡ್ತದೆ. ನನ್ನ ಸೊಸೇನ ಉಳಿಸ್ಕೊಟ್ಟೋಳು ಅವಳು. ಹಿಡಿ, ಹೋಗು. ರೌಫ್ ಅಂಗಡಿ ಮುಚ್ಚೋದ್ರೊಳಗೆ ಹೋಗು."

ಓಬಕ್ಕನ ಬಾಯಿಂದ ಇಂಥ ಮಾತು ಬರಗೇರಮ್ಮ ಕೇಳಿರಲಿಲ್ಲ. ಕೋಳಿಯನ್ನು ಎದೆಗವಚಿಕೊಂಡು ನಡೆದಳು.

ಸಂತೆಮಾಳದ ಆ ಅಂಗಡಿಗೆ ಅವಳು ಎಂದೂ ಹೋದವಳಲ್ಲ. ಮುಂದೆ ಬರೀ ಗಂಡಸರು, ಬೀಡಿಯ ಹೊಗೆ, ಜೋರು ಮಾತು. ಅವಳು ದೂರದ ಬೇವಿನ ಮರಕ್ಕೆ ಒರಗಿ ನಿಂತಳು. ಯಾರಾದರೂ ತಾನಾಗಿ ಕೇಳಲಿ ಎಂದು ಕಾದಳು. ಯಾರೂ ಕೇಳಲಿಲ್ಲ. ಗೋಡೆಯ ಕಡೆ ಹೊರಳಿದ ಆ ಮುಖ ಕಣ್ಣ ಮುಂದೆ ಬಂತು. ಬರಗೇರಮ್ಮ ಸೆರಗು ಬಿಗಿದು ಗಂಡಸರ ನಡುವೆ ನುಗ್ಗಿದಳು.

"ರೌಫಣ್ಣಾ, ಈ ಕೋಳಿ ಹಲಾಲ್ ಮಾಡಿಕೊಡ್ರಿ! ಜಲ್ದಿ!"

ದನಿ ಅವಳು ಅಂದುಕೊಂಡದ್ದಕ್ಕಿಂತ ಜೋರಾಗಿಯೇ ಬಂತು. ಬೀಡಿ ಸೇದುತ್ತಿದ್ದವರು ಪಕ್ಕಕ್ಕೆ ಸರಿದರು. ರೌಫ್ ಸಾಬರು ಚೂರಿ ಕೆಳಗಿಟ್ಟು ನೋಡಿದರು.

"ಓಬಕ್ಕನ ಸೊಸೆ ಅಲ್ವೇನಮ್ಮಾ? ಓಣಿಗೆ ಬಂದು ಮೂರು ವರ್ಷ ಆಯ್ತು, ನಿಂಗೆ ಮಾತು ಬರ್ತದೆ ಅಂತ ನಂಗೆ ಇವತ್ತೇ ಗೊತ್ತಾಗಿದ್ದು! ಯಾರಿಗೆ?"

"ಪ್ಯಾರಜ್ಜಿಗೆ. ಎಂಟು ದಿನದಿಂದ ಊಟ ಇಲ್ಲ. ಚರ್ಮ ತೆಗೀರಿ, ಕೊಬ್ಬು ಇರಬಾರ್ದು. ಸಣ್ಣ ತುಂಡು ಮಾಡ್ರಿ."

"ಸರಿ ಕಣಮ್ಮಾ, ಸಾಹೇಬ್ರ ಅಪ್ಪಣೆ" ಎಂದು ರೌಫ್ ಸಾಬರು ನಗುತ್ತಾ, ಮೊದಲಿನಿಂದ ನಿಂತಿದ್ದವರನ್ನೆಲ್ಲ ಬಿಟ್ಟು ಅವಳ ಕೋಳಿಯನ್ನೇ ಕೈಗೆತ್ತಿಕೊಂಡರು. ಯಾರೂ ತಕರಾರು ಮಾಡಲಿಲ್ಲ.

ಈ ಸಲ ಅವಳು ತನ್ನ ಮನೆಯ ಪಾತ್ರೆ ಮುಟ್ಟಲಿಲ್ಲ. ನೇರ ಪ್ಯಾರಿ ಬೀಯ ಮನೆಗೆ ಹೋಗಿ, ಅವಳ ಒಲೆ ಹೊತ್ತಿಸಿ, ಅವಳದೇ ಪಾತ್ರೆಯನ್ನು ಬೂದಿ ಹಾಕಿ ತಿಕ್ಕಿ ಇಟ್ಟಳು. ಬಾವಿಕಟ್ಟೆಯ ಹೊನಗೊನ್ನೆ ಮುಗಿದಿತ್ತು. ಓಬಕ್ಕ ನುಗ್ಗೆಯ ದೊಡ್ಡ ಕೊಂಬೆಯನ್ನೇ ಮುರಿದು ಬೇಲಿಯ ಮೇಲಿಂದ ಎಸೆದಳು. ಪ್ಯಾರಿ ಬೀಯ ಹಿತ್ತಲಲ್ಲಿ ಹರಿವೆ ಸೊಪ್ಪು ಸಿಕ್ಕಿತು. ಬಲಿತ ಕೋಳಿ, ಬೇಯಲು ಹೊತ್ತು ಹಿಡಿಯಿತು. ಬೇಯುವಷ್ಟು ಹೊತ್ತೂ ಬರಗೇರಮ್ಮ ಒಲೆಯ ಮುಂದೆಯೇ ಕೂತು ನೊರೆ ತೆಗೆಯುತ್ತಾ, ಮಧ್ಯೆ ಮಧ್ಯೆ ಹಾಸಿಗೆಯ ಕಡೆ ನೋಡುತ್ತಿದ್ದಳು. ಮುದುಕಿಯ ಮುಖ ಗೋಡೆಯಿಂದ ಯಾವಾಗಲೋ ಈ ಕಡೆಗೆ ತಿರುಗಿತ್ತು.

"ಅಜ್ಜಿ" ಎಂದಳು ಬರಗೇರಮ್ಮ, ಉರಿಯನ್ನೇ ನೋಡುತ್ತಾ. ಇವತ್ತು ಬಾಯಿ ತೆರೆದಿದೆ, ಮುಚ್ಚಿಹೋಗುವುದರೊಳಗೆ ಹೇಳಿಬಿಡಬೇಕೆನಿಸಿತು. "ಆವತ್ತು ನೀವು ಇಲ್ದಿದ್ರೆ ನನ್ನ ಮಗಳಿಗೆ ನಾನು ಇರ್ತಿರಲಿಲ್ಲ. ದಿನಾ ಅಂದ್ಕೊಳ್ತೀನಿ. ಹೇಳಕ್ಕೆ ಬರಲ್ಲ ನಂಗೆ."

"ಗೊತ್ತು ಬಿಡೇ. ನೀನು ಜಗುಲಿ ಒರೆಸೋದು ನೋಡಿದ್ರೆ ಗೊತ್ತಾಗಲ್ವಾ? ಮೊದ್ಲು ಸೊಪ್ಪು ಹಾಕು, ಉಕ್ತಾ ಐತೆ."

ಬರಗೇರಮ್ಮ ಸೊಪ್ಪು ಹಾಕಿ, ಎರಡು ಕುದಿ ಬಂದದ್ದೇ ಇಳಿಸಿದಳು. ಬಟ್ಟಲನ್ನು ತಂದು ಕೊಟ್ಟು ಪಕ್ಕದಲ್ಲೇ ನಿಂತಳು. ಪ್ಯಾರಿ ಬೀ ಒಂದು ಗುಟುಕು ಕುಡಿದಳು. ಕಣ್ಣು ಮುಚ್ಚಿ ಇನ್ನೊಂದು ಗುಟುಕು. ಮೂರನೆಯದಕ್ಕೆ ಹಣೆಯ ಮೇಲೆ ಸಣ್ಣಗೆ ಬೆವರು ಒಡೆಯಿತು. ಬಟ್ಟಲಿನ ಅರ್ಧಕ್ಕೆ ಬಂದಾಗ ಅವಳು ಥಟ್ಟನೆ ತಲೆಯೆತ್ತಿ ಹುಬ್ಬು ಗಂಟಿಕ್ಕಿದಳು.

"ಏನೇ ಹುಡ್ಗೀ, ಇದಕ್ಕೆ ಉಪ್ಪೇ ಹಾಕಿಲ್ವಲ್ಲೇ! ಸೌಟಲ್ಲಿ ಹೊಡೀತೀನಿ ನೋಡು. ಮೇಲಿನ ಗೂಡಲ್ಲಿ ಡಬ್ಬಿ ಐತೆ, ತಗೊಂಬಾ. ನೀನೂ ಒಂದು ಬಟ್ಟಲು ಹಾಕ್ಕೊಂಡು ಬಾ, ಒಬ್ಬಳೇ ಕುಡಿಯಕ್ಕಾಗಲ್ಲ ನಂಗೆ."

ಬರಗೇರಮ್ಮ ಗೂಡಿನ ಡಬ್ಬಿಗಳನ್ನು ಒಂದೊಂದಾಗಿ ತೆರೆದು ನೋಡಿದಳು. ಒಂದರಲ್ಲಿ ಸಕ್ಕರೆ, ಒಂದರಲ್ಲಿ ಸೂಜಿದಾರ, ಒಂದರಲ್ಲಿ ಉಪ್ಪು. ಎರಡು ಹರಳು ತೆಗೆದುಕೊಂಡಳು. ಹಿಂದಿನಿಂದ ಮುದುಕಿ ಇನ್ನೂ ಬೈಯುತ್ತಲೇ ಇದ್ದಳು.