ಬಾವಿಯ ಅಜ್ಜಿಯ ಹತ್ತೊಂಬತ್ತು ಸೆಕೆಂಡು

ಪರದೆಯ ಮೇಲೊಂದು ಬಾವಿ. ಕಟ್ಟೆಯ ಕಲ್ಲುಗಳ ಸಂದಿಯಲ್ಲಿ ಪಾಚಿ. ಪಾಚಿಯ ಮೇಲೆ ಮುದುಕಿಯೊಬ್ಬಳ ಐದು ಬೆರಳು, ಉಗುರುಗಳಲ್ಲಿ ಕಪ್ಪು ಮಣ್ಣು. ಬೂದಿಬಣ್ಣದ ಆಕಾಶದಲ್ಲಿ ಕಾಗೆಯೊಂದು ರೆಕ್ಕೆ ಬಿಚ್ಚಿ ನಿಂತುಬಿಟ್ಟಿದೆ. ಬಕೆಟ್ಟಿನ ಅಂಚಿನಿಂದ ಕಳಚಿಕೊಂಡ ಹನಿ ಇನ್ನೂ ನೆಲ ಮುಟ್ಟಿಲ್ಲ. ಆಡುವವನು ಚಹಾ ತರಲು ಹೋಗಿದ್ದರಿಂದ ಆ ಲೋಕದಲ್ಲಿ ಕಾಲ ನಿಂತಿತ್ತು.

ಅವನು ಆ ಆಟ ತಯಾರಿಸುವ ಕಂಪನಿಯ ಪರೀಕ್ಷಕ. ವಿಡಿಯೊ ಗೇಮಿನಲ್ಲಿ ಸಾಯಬಹುದಾದ ಎಲ್ಲ ರೀತಿಯಲ್ಲೂ ಸತ್ತು, ಸಾವು ಸರಿಯಾಗಿದೆಯೆಂದು ಬರೆದುಕೊಡುವುದು ಅವನ ಕೆಲಸ. ಬಾವಿಯ ಬಳಿ ಸತ್ತವನ ಮೇಲೆ ಮುದುಕಿ ಬಾಗಿ, "ನಿನ್ನ ಮನೆಯ ತೊಟ್ಟಿಲು ಬರಿದಾಗಲಿ" ಎಂದು ಶಪಿಸುತ್ತಾಳೆ. ದಿನಕ್ಕೆ ಆರುನೂರು ಸಲ. ಧ್ವನಿಯನ್ನೂ ಪರೀಕ್ಷಿಸಬೇಕಾದ್ದರಿಂದ ಕಿವಿ ಮುಚ್ಚಿಕೊಳ್ಳುವಂತಿರಲಿಲ್ಲ.

ಶಾಪಗೀಪ ನಂಬುವವನಲ್ಲ ಅವನು. ಆದರೆ ಹೆಂಡತಿಗೆ ಈಗ ತುಂಬು ತಿಂಗಳು. ಹಿಂದೆ ಎರಡು ಸಲ ಗರ್ಭ ಇಳಿದುಹೋಗಿತ್ತು. ತಾನು ದಿನವಿಡೀ ಏನು ಕೇಳಿಸಿಕೊಳ್ಳುತ್ತೇನೆಂದು ಅವಳಿಗೆ ಹೇಳಿರಲಿಲ್ಲ. "ಆಫೀಸಲ್ಲಿ ಸತ್ತೂ ಸತ್ತೂ ಬರ್ತೀರ, ಮನೇಲಾದ್ರೂ ಸ್ವಲ್ಪ ಬದುಕಿ" ಎಂದು ಅವಳು ನಗುತ್ತಿದ್ದಳು.

ಚಹಾದೊಂದಿಗೆ ಮರಳಿ ಆಟ ಮುಂದುವರಿಸಿದ. ಮುದುಕಿ ಎಳೆದು ಕೊಂದಳು, ಶಪಿಸಿದಳು, ಅವನ ಕೈ ತಾಗಿ ಚಹಾದ ಲೋಟ ಉರುಳಿತು. ಸತ್ತ ಮೇಲೆ ಸುಮ್ಮನೆ ಕೂರುವ ಆಟಗಾರರಿಲ್ಲ, ಗುಂಡಿ ಒತ್ತಿ ಎದ್ದುಬಿಡುತ್ತಾರೆ. ಅವನು ಮಾತ್ರ ಅಂದು ಮೇಜು ಒರೆಸುತ್ತ ಸತ್ತೇ ಇದ್ದ. ಹತ್ತೊಂಬತ್ತು ಸೆಕೆಂಡು ಕಳೆದಾಗ ಅದೇ ಗಂಟಲು, ದಣಿದ ದನಿಯಲ್ಲಿ ಹೇಳಿತು: "ಮನಸ್ಸಿಗೆ ಹಚ್ಕೋಬೇಡ ಮಗಾ, ಬಾಯಿಮಾತಿಗೆ ಅಂದೆ. ನೂರು ಕಾಲ ಬಾಳು. ಮನೆ ತುಂಬ ಮಕ್ಕಳಾಗಲಿ."

ಅವನು ಒದ್ದೆ ಬಟ್ಟೆ ಹಿಡಿದೇ ಧ್ವನಿಮುದ್ರಕನ ಕೋಣೆಗೆ ಹೋದ.

"ಅಯ್ಯೋ, ದನಿ ಕೊಟ್ಟ ಆ ಅಜ್ಜಿ ನಾಟಕದವರು ಕಣಯ್ಯ" ಎಂದ ಧ್ವನಿಮುದ್ರಕ. "ಒಂದೊಂದು ಶಾಪ ಆದ ಮೇಲೂ ಗಾಜಿನಾಚೆ ಕೂತಿರೋ ನನಗೆ ಹಾಗೆ ಹೇಳ್ತಾರೆ. ಇಲ್ದಿದ್ರೆ ಅವರಿಗೆ ಊಟ ಸೇರಲ್ವಂತೆ. ನಾನು ರೆಕಾರ್ಡಿಂಗಿನ ಆ ಬಾಲ ಕತ್ತರಿಸ್ತಾ ಬಂದೆ, ಇದೊಂದು ಕೈತಪ್ಪಿದೆ. ದೋಷ ಅಂತ ಬರೆದು ಕಳಿಸು, ಅರ್ಧ ನಿಮಿಷದ ಕೆಲಸ."

ಅವನು ಬರೆಯಲಿಲ್ಲ. ಅಂದಿನಿಂದ ಪ್ರತಿ ಸಾವಿನ ನಂತರವೂ ಕೈಕಟ್ಟಿ ಕಾದ.

ವಾರ ಕಳೆದ ಮೇಲೆ ತಂಡದ ಮುಖ್ಯಸ್ಥೆ ಅವನ ಮೇಜಿನ ಬಳಿ ಬಂದರು.

"ಏನ್ರೀ, ಆರುನೂರು ಸಲ ಸಾಯ್ತಿದ್ದೋರು ಈಗ ನಾನೂರು ದಾಟ್ತಿಲ್ಲ. ಬದುಕೋ ಆಸೆ ಬಂತಾ?"

"ನೀವೇ ಒಂದ್ಸಲ ಸತ್ತು ನೋಡಿ ಮೇಡಂ. ಗುಂಡಿ ಒತ್ಬೇಡಿ."

ಅವರು ಕುಳಿತು ಸತ್ತರು. ಕಾದರು. ಅಜ್ಜಿಯ ಮಾತು ಮುಗಿದ ಮೇಲೂ ಪರದೆಯನ್ನೇ ನೋಡುತ್ತಿದ್ದರು.

"ಇದು ದೋಷ ತಾನೆ?"

"ದೋಷಾನೇ, ಮೇಡಂ."

"ವಾರದಿಂದ ಗೊತ್ತಿತ್ತಾ?"

"ಗೊತ್ತಿತ್ತು."

"ಮತ್ಯಾಕೆ ಬರೀಲಿಲ್ಲ?"

ಅವನು ಹೇಳಿದ. ಮೂರೇ ವಾಕ್ಯದಲ್ಲಿ, ವರದಿ ಒಪ್ಪಿಸುವಂತೆ: ತೊಟ್ಟಿಲು, ಎರಡು ಸಲ, ಈಗ ತುಂಬು ತಿಂಗಳು.

ಮುಖ್ಯಸ್ಥೆ ಕನ್ನಡಕ ತೆಗೆದು ಒರೆಸಿಕೊಂಡರು. ಅದರಲ್ಲಿ ಧೂಳೇನೂ ಇರಲಿಲ್ಲ.

"ಡಾಕ್ಟರು ಎಷ್ಟು ದಿನ ಅಂದಿದಾರೆ?"

"ಹದಿನೈದು."

"ಆಟದ ಬಿಡುಗಡೆಗೆ ಇನ್ನೂ ಒಂದು ತಿಂಗಳಿದೆ. ದೋಷ ಅಂತ ಇವತ್ತೇ ಬರೀರಿ, ಮುಚ್ಚಿಡೋ ಹಾಗಿಲ್ಲ. ಹದಿನಾರನೇ ದಿನ ಕತ್ತರಿಸೋಕೆ ಹೇಳ್ತೀನಿ."

ಅವನು ಬರೆದ. 'ಆಟಗಾರನಿಗೆ ಆಗುವ ತೊಂದರೆ' ಎಂಬ ಅಂಕಣದಲ್ಲಿ 'ಇಲ್ಲ' ಎಂದು ತುಂಬಿದ.

"ಈಗ ಮನೆಗೆ ಹೋಗಿ. ಇವತ್ತಿನ ಉಳಿದ ಸಾವು ನಾನು ನೋಡ್ಕೋತೀನಿ."

ಅವನು ಚೀಲ ಹೆಗಲಿಗೇರಿಸಿ ಬಾಗಿಲ ಹಿಡಿಗೆ ಕೈಯಿಟ್ಟಾಗ ಹಿಂದೆ ಮುಖ್ಯಸ್ಥೆ ಸತ್ತರು. ತೊಟ್ಟಿಲು ಬರಿದಾಗಲಿ ಎಂದಿತು ಬಾವಿ. ಅವನು ಕ್ಷಣ ಆಲಿಸಿದ. ಗುಂಡಿ ಒತ್ತಿದ ಸದ್ದು ಬರಲಿಲ್ಲ, ಅವರು ಕಾಯುತ್ತಿದ್ದರು. ಇನ್ನು ತಾನು ಕಾಯಬೇಕಾಗಿಲ್ಲವೆನ್ನಿಸಿ ಹೊರಬಿದ್ದ. ಅವನ ಬೆನ್ನ ಹಿಂದೆ ಬಾಗಿಲು ಮುಚ್ಚಿಕೊಂಡಿತು.