ಹೆಡ್‌ಮಾಸ್ಟರ ಕೋಟಿನ ನಡುವಿನ ಗುಂಡಿ

ಕಂಪ್ಯೂಟರ್ ಮೇಷ್ಟ್ರು ಬೇರೆ ಶಾಲೆ ಸೇರಿಕೊಂಡ ಮೇಲೆ ಒಂಬತ್ತನೇ ತರಗತಿಯ ಪ್ರೋಗ್ರಾಮಿಂಗ್ ಪಾಠ ಹೊಲಿಗೆ ಟೀಚರ್ ತಲೆಗೆ ಬಂತು. ಹೆಡ್‌ಮಾಸ್ಟರ ತರ್ಕ ಸರಳವಾಗಿತ್ತು: ಎರಡೂ ಕೋಣೆಗಳಲ್ಲಿ ಮೆಷಿನ್ ಇವೆಯಲ್ಲ! ಜೊತೆಗೆ ಒಂದು ಬೆದರಿಕೆ.

"ಗುರುವಾರ ತಪಾಸಣೆಗೆ ಸಾಹೇಬ್ರು ಬರ್ತಾರೆ. ಪಾಠ ನೆಟ್ಟಗಾಗದಿದ್ರೆ ನಿಮ್ಮ ಹೊಲಿಗೆ ಕೋಣೆ ಮುಚ್ಚಿ ಮುರುಕು ಬೆಂಚು ತುಂಬಿಸ್ತೀನಿ."

ಟೀಚರ್ ಇಪ್ಪತ್ತೆರಡು ವರ್ಷ ಮಕ್ಕಳ ಕೈಗೆ ಸೂಜಿ ಕೊಟ್ಟೂ ಒಂದು ಕಣ್ಣೂ ಹೋಗದಂತೆ ನೋಡಿಕೊಂಡವರು. ಪುಸ್ತಕದ ಮೊದಲ ಪುಟ ಓದಿದರು. ಹೇಳಿದ್ದನ್ನಷ್ಟೇ ಮಾಡುವ ಯಂತ್ರಕ್ಕೆ ಹಂತಹಂತವಾಗಿ ಕೆಲಸ ಹೇಳುವುದೇ ಆಲ್ಗಾರಿದಮ್ ಎಂದಿತ್ತು. "ನಮ್ಮನೆಯವರ ಹತ್ರ ದಿನಾ ಇದೇ ಪಾಡು," ಎಂದು ಪುಸ್ತಕ ಮುಚ್ಚಿದರು.

ಗುರುವಾರ ಟೀಚರ್ ಆ ಪಾಠವನ್ನು ಹೊಲಿಗೆ ಕೋಣೆಯಲ್ಲೇ ಇಟ್ಟುಕೊಂಡರು. ಸಾಹೇಬರು ಹಿಂದಿನ ಬೆಂಚಿನಲ್ಲಿ ಕೂತರು. ಪಕ್ಕದಲ್ಲಿದ್ದ ಹೆಡ್‌ಮಾಸ್ಟರ ಕೋಟಿನ ನಡುವಿನ ಗುಂಡಿ ಆಗಷ್ಟೇ ಕಿತ್ತು ಬಂದಿತ್ತು. ಟೀಚರ್ ಹೆಡ್‌ಮಾಸ್ಟರನ್ನೇ ಮುಂದಕ್ಕೆ ಕರೆದು ನಿಲ್ಲಿಸಿದರು.

"ಈಗ ನಾನೇ ಯಂತ್ರ. ನನಗೆ ತಲೆ ಇಲ್ಲ ಅಂದ್ಕೊಳ್ಳಿ. ಈ ಗುಂಡಿ ಹಾಕೋದು ಹೇಗೆ, ಹೇಳಿ."

"ತಲೆ ಇಲ್ಲ ಅಂದ್ಕೊಳ್ಳೋದೇನು ಕಷ್ಟ ಇಲ್ಲ ಮೇಡಂ," ಎಂದಳು ಮುಂದಿನ ಬೆಂಚಿನ ಬಾಯಿಬಡುಕಿ.

"ಬಾರಮ್ಮಾ, ನೀನೇ ಬರಿ."

ಬಾಯಿಬಡುಕಿ ಬೋರ್ಡಿನ ಮೇಲೆ ಬರೆದಳು: ದಾರ ಪೋಣಿಸು. ಗುಂಡಿ ಇಡು. ಕೆಳಗಿನಿಂದ ಚುಚ್ಚಿ ಎಳೆ. ಮೇಲಿನಿಂದ ಚುಚ್ಚಿ ಎಳೆ. ಹೀಗೇ ಮಾಡುತ್ತಿರು.

ಟೀಚರ್ ಚುಚ್ಚಿ ಎಳೆದರು. ದಾರವೆಲ್ಲ ಸರ್ರನೆ ಹೊರಬಂತು.

"ಗಂಟು ಹಾಕಿ ಮೇಡಂ!"

"ಎಲ್ಲಿ ಬರೆದಿದೀಯ?"

ಗಂಟು ಬರೆದದ್ದಾಯಿತು. ಹೊಲಿಗೆ ಕೂತಿತು. ಐದು, ಎಂಟು, ಹದಿಮೂರು.

"ಸಾಕು ಮೇಡಂ, ನಿಲ್ಲಿಸಿ!"

ಟೀಚರ್ ಕಿವುಡಿಯಂತೆ ಹೊಲಿಯುತ್ತಲೇ ಇದ್ದರು. ಬಾಯಿಬಡುಕಿ ಓಡಿಹೋಗಿ ಬರೆದಳು: ಆರು ಹೊಲಿಗೆ ಆದಾಗ ನಿಲ್ಲಿಸು.

"ಆರು ದಾಟಿ ಎಷ್ಟೋ ಆಯ್ತಲ್ಲೇ! ಇನ್ನು ಆರು ಬರೋದು ಯಾವ ಕಾಲಕ್ಕೆ?"

ಮಕ್ಕಳು ಬೆಂಚು ಬಡಿದು ನಕ್ಕರು. ಅವಳು ನಾಲಿಗೆ ಕಚ್ಚಿಕೊಂಡು ತಿದ್ದಿದಳು: ಆರಾದರೂ ದಾಟಿದರೂ ನಿಲ್ಲಿಸು. ಟೀಚರ್ ನಿಲ್ಲಿಸಿದರು.

ಬೆವೆತಿದ್ದ ಹೆಡ್‌ಮಾಸ್ಟರು ಕೋಟು ಬಿಚ್ಚಲು ಹೋದರೆ ಶರ್ಟೂ ಜೊತೆಗೇ ಎದ್ದಿತು, ಶರ್ಟಿನ ಹಿಂದೆ ಬನಿಯನ್ನೂ. ಬಟ್ಟೆ ದಪ್ಪ ಎಂದು ಟೀಚರಿಗೆ ಮೊದಲ ಹೊಲಿಗೆಗೇ ಅನ್ನಿಸಿತ್ತು. ಆದರೆ ಯಂತ್ರಕ್ಕೆ ಅನ್ನಿಸುವ ಹಾಗಿಲ್ಲವಲ್ಲ. ಈಗ ಮಾತ್ರ ಕೋಣೆ ಹೋಯಿತು ಎಂದುಕೊಂಡರು.

"ಮೊದಲು ಕೋಟು ಬಿಚ್ಚಿಸು ಅಂತ ನಾನು ಬರೀಲೇ ಇಲ್ಲ," ಬಾಯಿಬಡುಕಿ ಮೆಲ್ಲಗೆಂದಳು. "ತಪ್ಪು ಯಂತ್ರದ್ದಲ್ಲ, ನಂದೇ."

ಸಾಹೇಬರು ಕಣ್ಣೊರೆಸಿಕೊಂಡು ನಗು ತಡೆದರು. "ಹದಿನೈದು ಶಾಲೆ ನೋಡಿದೆ. ತಪ್ಪು ಎಲ್ಲಿ ಅಂತ ತಾನೇ ಹುಡುಕಿದ ಮಗು ಇದೊಂದೇ. ಬಿಚ್ಚೋದಕ್ಕೂ ಹಂತ ಬರೀರಮ್ಮ. ಹೆಡ್‌ಮಾಸ್ಟ್ರೇ, ಅಲ್ಲಾಡ್ಬೇಡಿ."

ಟೀಚರ್ ಕತ್ತರಿ ಎತ್ತಿಕೊಂಡು ಹೆಡ್‌ಮಾಸ್ಟರ ಕಡೆ ತಿರುಗಿದರು. "ಸಾರ್, ನನ್ನ ಕೋಣೆ ಇರುತ್ತಾ?"

"ಇರುತ್ತೆ ಮಾರಾಯ್ತಿ, ಇರುತ್ತೆ!"

"ಎಲ್ಲೀವರೆಗೆ ಅಂತ ಬಿಡಿಸಿ ಹೇಳಿ ಸಾರ್."

"ನೀವು ರಿಟೈರ್ ಆಗೋವರೆಗೆ!"

ಸಾಹೇಬರು ಜೇಬಿನಿಂದ ಪೆನ್ನು ತೆಗೆದು ಆ ಮಾತನ್ನು ತಪಾಸಣೆ ಪುಸ್ತಕದಲ್ಲಿ ಬರೆದುಕೊಂಡರು. ಟೀಚರ್ ಮೊದಲ ಹೊಲಿಗೆ ಕತ್ತರಿಸಿದರು.