ಹಿಂಬಾಗಿಲಿನಿಂದ ಹತ್ತಿದ ವರ್ಲಿನ್

ಶಾಲಾ ಬಸ್ಸಿನ ಹಿಂಬಾಗಿಲು ತೆರೆದದ್ದೇ ತಡ, ಎಚ್ಚರಿಕೆಯ ಬಜರ್ ಕಿರುಚತೊಡಗಿತು. ಆರು ಜನ ಗಂಡಸರು ಮೊಣಕಾಲುದ್ದದ ನೀರಿನಲ್ಲಿ ಶವಪೆಟ್ಟಿಗೆಯನ್ನು ಎತ್ತಿ ಹಿಡಿದು ನಿಂತಿದ್ದರು. ಅವರ ಹಿಂದೆ, ಹಳ್ಳದ ನಟ್ಟನಡುವೆ, ಶವ ತಂದ ಕರಿ ಕಾರು ಹಿಂಚಕ್ರ ಹೂತುಕೊಂಡು ಕೂತಿತ್ತು.

"ಅದರ ಬಾಯಿ ಮುಚ್ಚಿಸೋ ಗಾರ್ನೆಟ್!" ಅವರಲ್ಲೊಬ್ಬ, ಸತ್ತ ವರ್ಲಿನ್‌ನ ತಮ್ಮ ಹೋಬರ್ಟ್, ಕೂಗಿದ. "ಸತ್ತೋನೂ ಎದ್ದು ಕೂತಾನು!"

ಡ್ರೈವರ್ ಸೀಟಿನಲ್ಲಿದ್ದ ಗಾರ್ನೆಟ್ ಕೀಲಿ ತಿರುಗಿಸಿದ. ಬಜರ್ ನಿಂತಿತು. ಹಳ್ಳದ ಸದ್ದು ಕೇಳಿಸತೊಡಗಿತು.

"ಮೂವತ್ತೊಂದು ವರ್ಷ ಈ ಬಸ್ಸು ಓಡಿಸಿ, ಹಿಂಬಾಗಿಲಲ್ಲಿ ಹತ್ತಿದ ಹುಡುಗರನ್ನೆಲ್ಲ ಕಿವಿ ಹಿಡಿದು ಇಳಿಸಿದ್ದೇ ಇಳಿಸಿದ್ದು. ಈಗ ನೋಡಿ, ತಾನೇ ಹೆಂಗೆ ಹತ್ತುತಾ ಇದ್ದಾನೆ," ಎಂದ ಹೋಬರ್ಟ್. ಮುಖಕ್ಕೆ ಕಟ್ಟಿಕೊಂಡ ಬಟ್ಟೆಗಳ ಒಳಗೇ ಎಲ್ಲರೂ ನಕ್ಕರು. ವರ್ಲಿನ್‌ನ ಹೆಂಡತಿ ಲೊರೀನ್ ಕೂಡ ನಕ್ಕಳು, ಆಮೇಲೆ ಕಣ್ಣೊರೆಸಿಕೊಂಡಳು.

ಓಮಾ ಬಸ್ಸಿನ ಒಳಗೆ ನಿಂತು ಪೆಟ್ಟಿಗೆಯ ತುದಿ ಹಿಡಿದುಕೊಂಡಳು. "ಎಡಕ್ಕೆ. ಇನ್ನೂ ಸ್ವಲ್ಪ ಎಡಕ್ಕೆ. ಆಂ, ತಳ್ಳಿ." ಎಂಟು ತಿಂಗಳು ಹಾಲಿನ ಕ್ರೇಟುಗಳನ್ನು ಒಳಗೆಳೆದುಕೊಂಡದ್ದು ಹೀಗೆಯೇ. ಅದಕ್ಕೆಂದೇ ಹಿಂದಿನ ಆರು ಸಾಲು ಸೀಟು ಬಿಚ್ಚಿಸಿದ್ದರು. ಕೊರೊನಾ ಬಂದು ಶಾಲೆ ಮುಚ್ಚಿದಾಗ ಈ ಕೆಂಟಕಿ ಬೆಟ್ಟದ ಸಂದಿಗೊಂದಿಗಳಲ್ಲಿದ್ದ ಮಕ್ಕಳಿಗೆ ಶಾಲೆಯ ಊಟವೂ ನಿಂತುಹೋಗಿತ್ತು. ಅಡುಗೆಮನೆಯ ಓಮಾ ಚೀಲ ತುಂಬಿಸುವುದು, ಹದಿನಾಲ್ಕನೇ ನಂಬರಿನ ಬಸ್ಸಿನ ವರ್ಲಿನ್ ಅದನ್ನು ಮನೆಮನೆಗೆ ಒಯ್ಯುವುದು ಎಂದು ತೀರ್ಮಾನವಾಗಿತ್ತು. ಅಷ್ಟು ತಿಂಗಳು ಮೂಗು ಬಾಯಿ ಮುಚ್ಚಿಕೊಂಡು, ಕೈ ತೊಳೆದೂ ತೊಳೆದೂ ಚರ್ಮ ಸುಲಿಸಿಕೊಂಡ ಮನುಷ್ಯ ಕೊನೆಗೆ ಸತ್ತದ್ದು ಸೌದೆ ಒಡೆಯುವಾಗ, ಹೃದಯ ನಿಂತು.

ಲೊರೀನ್ ಮುಂದಿನ ಸೀಟಿನಲ್ಲಿ ಕೂತಳು. ಪೆಟ್ಟಿಗೆ ಹೊತ್ತವರು ಪ್ಯಾಂಟು ಹಿಂಡಿಕೊಂಡು ದೂರ ದೂರ ಕೂತರು. ಬಸ್ಸು ಎತ್ತರದ್ದು, ಹಳ್ಳವನ್ನು ಸುಲಭವಾಗಿ ದಾಟಿತು. ಅದಾದ ಮೇಲೆ ಗಾರ್ನೆಟ್ ತಲೆ ತಿರುಗಿಸದೆ ಹೇಳಿದ:

"ಓಮಕ್ಕ, ಹೊಸ ಡ್ರೈವರ್ ಸಿಗೋ ತನಕ ಸೋಮವಾರದಿಂದ ನಾನೇ ಓಡಿಸ್ತೀನಿ. ನೀವು ಪಟ್ಟಿ ತನ್ನಿ. ಪ್ರತಿ ಮನೇಲೂ ಮಗೂನ ನಾನು ಕಣ್ಣಲ್ಲಿ ನೋಡಬೇಕು."

"ಯಾಕಪ್ಪಾ, ಮಕ್ಕಳನ್ನ ನೋಡಿಲ್ವಾ ನೀನು?"

"ನಂಗೇನು ಆಸೆನಾ? ಮೇಲಿನೋರು ಕೇಳ್ತಿದಾರೆ. ಮಗು ಇಲ್ಲದ ಮನೆಗೆ ಚೀಲ ಹೋಗಿದೆ ಅಂತ ಗೊತ್ತಾದರೆ ಈ ರಸ್ತೆಯ ಎಲ್ಲ ಮನೆಗಳ ಊಟ ನಿಲ್ಲಿಸ್ತಾರೆ."

ಓಮಾ ಕಿಟಕಿಯ ಕಡೆ ತಿರುಗಿದಳು. ಗಾರ್ನೆಟ್ ಕೆಟ್ಟವನೇನಲ್ಲ. ಆದರೆ ಬಸ್ಸುಗಳ ಮೇಲ್ವಿಚಾರಕ ಆದಾಗಿನಿಂದ ನಿಯಮದ ಪುಸ್ತಕ ಓದಿ ಓದಿ ಬೆನ್ನು ನೆಟ್ಟಗಾಗಿಬಿಟ್ಟಿತ್ತು. ಹಿಕರಿ ಹಳ್ಳದ ಈ ರಸ್ತೆಯಲ್ಲಿ ಇಪ್ಪತ್ತೆರಡು ಮನೆ. ಇಪ್ಪತ್ತೊಂದರಲ್ಲಿ ಮಕ್ಕಳಿದ್ದರು. ಕೊನೆಯದರಲ್ಲಿ ಎಪ್ಪತ್ತೆಂಟರ ಜೋನಾ ಒಬ್ಬಳೇ, ಊರಿಗೆಲ್ಲ ಅವಳು ಅತ್ತೆ. ವರ್ಲಿನ್‌ನ ಮನೆತನದ ಸಮಾಧಿಗಳಿದ್ದ ಗುಡ್ಡ ಅವಳ ಮನೆಯ ಮೇಲುಗಡೆಯೇ ಇತ್ತು. ಬಸ್ಸು ಈಗಲೇ ಅವಳ ಮನೆ ಮುಂದೆ ಹಾದು ಹೋಗಬೇಕಿತ್ತು, ಸೋಮವಾರದ ತನಕ ಕಾಯುವ ಹಾಗೂ ಇರಲಿಲ್ಲ. ಪ್ರತಿ ವಾರ ಪಟ್ಟಿಯಲ್ಲಿ ಜೋನಾಳ ಮೊಮ್ಮಗಳ, 'ಕೇಲಿ, ಮೂರನೇ ತರಗತಿ' ಎಂಬ ಹೆಸರಿನ ಮುಂದೆ ಗುರುತು ಹಾಕಿದವಳು ಓಮಾ.

* * *

ಮೇ ತಿಂಗಳಲ್ಲಿ ಒಂದು ಸೋಮವಾರ ವರ್ಲಿನ್ ಜೋನಾಳ ಮನೆ ಮುಂದೆ ಬಸ್ಸು ನಿಲ್ಲಿಸಿ ಎರಡು ಸಲ ಹಾರ್ನ್ ಹೊಡೆದ. ಎಲ್ಲ ಮನೆಗಳವರೂ ಅಂಚೆ ಪೆಟ್ಟಿಗೆಯ ಬುಡದಲ್ಲಿ ಒಂದು ಐಸ್ ಪೆಟ್ಟಿಗೆ ಇಡುತ್ತಿದ್ದರು. ಓಮಾ ಅದರೊಳಗೆ ಚೀಲ ಇಟ್ಟು ಹಿಂದೆ ಸರಿದರೆ ಮುಗಿಯಿತು, ಯಾರೂ ಯಾರನ್ನೂ ಮುಟ್ಟುವಂತಿರಲಿಲ್ಲ. ಜೋನಾಳ ಅಂಚೆ ಪೆಟ್ಟಿಗೆ ಮಾತ್ರ ಅವಳ ಮನೆಯಿಂದ ರಸ್ತೆಯ ಆಚೆ ಬದಿಗಿತ್ತು. ಆ ದಿನ ಅದರ ಬುಡ ಖಾಲಿ ಇತ್ತು.

ಜೋನಾ ಮೆಟ್ಟಿಲ ಮೇಲಿಂದಲೇ ಕೂಗಿದಳು. "ಕೇಲಿ ಹೋದಳು ಕಣೋ ವರ್ಲಿನ್! ಅವಳಮ್ಮ ಬಂದು ಒಹಾಯೊಗೆ ಕರ್ಕೊಂಡು ಹೋದಳು. ಮುಂದಿನ ವಾರದಿಂದ ಬರಬೇಡ."

ವರ್ಲಿನ್ ಬಾಯಲ್ಲಿದ್ದ ಪೆಪ್ಪರ್‌ಮಿಂಟನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿದ. ಅವನಿಗೆ ಯೋಚನೆ ಬಂದಾಗ ಮಾಡುತ್ತಿದ್ದುದು ಇಷ್ಟೇ. ಅಂಗಡಿ ಇದ್ದದ್ದು ಇಪ್ಪತ್ತು ಮೈಲಿ ಆಚೆ. ಚರ್ಚಿನವರು ಹಂಚುವ ದಿನಸಿ ಕಾರಿದ್ದವರಿಗೆ. ಅವಳಿಗೆ ಕಾರಿಲ್ಲ, ಅವಳನ್ನು ಕರೆದೊಯ್ಯುತ್ತಿದ್ದ ನೆರೆಯವರು ಜ್ವರ ಹಿಡಿದು ಮಲಗಿದ್ದರು.

"ಪಟ್ಟೀಲಿ ಕೇಲಿ ಅಂತಿದೆ ಅತ್ತೆ," ಎಂದ.

"ಪಟ್ಟೀಲಿದ್ದರೆ? ಹುಡುಗಿ ಇಲ್ವಲ್ಲ. ನಾನು ಇವತ್ತಿನ ತನಕ ಯಾರ ಹತ್ರಾನೂ ಬಿಟ್ಟಿ ಇಸ್ಕೊಂಡಿಲ್ಲ."

"ನಿಮಗೆ ಯಾರು ಕೊಡ್ತಾರೆ? ಇದು ಕೇಲೀದು. ಅವಳು ಬರೋ ತನಕ ನೀವು ಇಟ್ಕೊಂಡಿರಿ."

"ಹಾಲು ಕೆಟ್ಟು ಹೋಗಲ್ವೇನೋ?"

"ಕೆಡೋದರೊಳಗೆ ಕುಡಿದು ಬಿಡಿ. ಅವಳು ಬಂದಾಗ ಹೊಸದು ತಂದುಕೊಡ್ತೀನಿ."

ಜೋನಾ ಒಳಗೆ ಹೋಗಿ ಐಸ್ ಪೆಟ್ಟಿಗೆ ಎತ್ತಿಕೊಂಡು ಬಂದಳು. ಅವಳು ರಸ್ತೆಯ ಅಂಚಿಗೆ ಬಂದ ಕೂಡಲೇ ವರ್ಲಿನ್ ಸ್ಟೀರಿಂಗ್ ಪಕ್ಕದ ಹಿಡಿಕೆ ಎಳೆದ. ಬಸ್ಸಿನ ತಲೆಯ ಮೇಲೆ ಕೆಂಪು ದೀಪಗಳು ಮಿನುಗಿದವು, ಪಕ್ಕದಿಂದ 'ನಿಲ್ಲು' ಎಂಬ ಕೆಂಪು ಫಲಕ ಹೊರಚಾಚಿತು. ಅದು ಚಾಚಿತೆಂದರೆ ರಸ್ತೆಯ ಎರಡೂ ಕಡೆ ಯಾರೇ ಇರಲಿ ನಿಲ್ಲಲೇಬೇಕು. ಆದರೆ ಅದನ್ನು ಮಕ್ಕಳಿಗಲ್ಲದೆ ಬೇರೆ ಯಾರಿಗೂ ತೆಗೆಯುವಂತಿಲ್ಲ. ತೆಗೆದರೆ ಕೆಲಸ ಹೋಗುತ್ತದೆ ಎಂದು ಗಾರ್ನೆಟ್ ವರ್ಷಕ್ಕೆರಡು ಸಲ ಡ್ರೈವರುಗಳನ್ನು ಕೂರಿಸಿಕೊಂಡು ಪಾಠ ಹೇಳುತ್ತಿದ್ದ.

"ಯಾವ ಮಗು ಹತ್ತುತಾ ಇದೆ ಅಂತ ತೆಗೆದೆಯಪ್ಪಾ?" ಎಂದು ಓಮಾ ರೇಗಿಸಿದಳು.

"ತಿರುವಿನಿಂದ ದಿಮ್ಮಿ ಲಾರಿ ಬರ್ತವೆ. ಅವಳ ಮಂಡಿ ನೋಡು," ಎಂದ ವರ್ಲಿನ್. ಅಲ್ಲಿಂದ ಮುಂದೆ ಅವನು ಪ್ರತಿ ಸೋಮವಾರ ಫಲಕ ತೆಗೆದ, ಓಮಾ ಪಟ್ಟಿಯಲ್ಲಿ ಗುರುತು ಹಾಕಿದಳು.

* * *

ಇವತ್ತು ಭಾನುವಾರ. ಆದರೂ ಅಂಚೆ ಪೆಟ್ಟಿಗೆಗಳ ಬಳಿ ಜನ ನಿಂತಿದ್ದರು. ಸಮಾಧಿಯ ಹತ್ತಿರ ಹತ್ತು ಜನರಿಗಿಂತ ಹೆಚ್ಚು ಸೇರಬಾರದು ಎಂದಿದ್ದರಿಂದ ಅವರೆಲ್ಲ ತಮ್ಮ ತಮ್ಮ ಗೇಟಿನಲ್ಲೇ ಟೋಪಿ ತೆಗೆದು ನಿಂತಿದ್ದರು. ಬಸ್ಸಿನ ಸದ್ದು ಕೇಳಿ ಒಂದೆರಡು ಮಕ್ಕಳು ಅಭ್ಯಾಸಬಲದಿಂದ ಓಡಿ ಬಂದವು. ದೊಡ್ಡವರು ಕೈ ಹಿಡಿದು ನಿಲ್ಲಿಸಿದರು.

"ಇಲ್ಲಿ ಎಷ್ಟು ಮಕ್ಕಳು ಓಮಕ್ಕ?" ಗಾರ್ನೆಟ್ ಕೇಳಿದ.

"ಮೂರು."

"ಇಲ್ಲಿ?"

"ಎರಡು. ಅಗೋ, ಅಲ್ಲೇ ಇದಾವಲ್ಲ."

"ಹೆಣ ಒಯ್ಯೋವಾಗಲೂ ಹಾಜರಿ ತಗೋಬೇಕೇನೋ?" ಎಂದ ಹೋಬರ್ಟ್.

ಗಾರ್ನೆಟ್‌ನ ಕಿವಿ ಕೆಂಪಾಯಿತು. "ಈ ಬಸ್ಸಲ್ಲೇ ಶಾಲೆಗೆ ಹೋದೋನು ಹೋಬರ್ಟಣ್ಣ ನಾನು. ನಂಗೂ ಸಂಕಟ ಆಗುತ್ತೆ," ಎಂದ. ಆಮೇಲೆ ಕೇಳುವುದನ್ನು ನಿಲ್ಲಿಸಿದ.

ಕೊನೆಯ ಮನೆಯ ಹತ್ತಿರ ಜೋನಾ ಆಗಲೇ ರಸ್ತೆ ದಾಟಿ ಅಂಚೆ ಪೆಟ್ಟಿಗೆಯ ಪಕ್ಕದಲ್ಲಿದ್ದಳು. ಕರಿ ಕೋಟು, ಕೈಯಲ್ಲಿ ಬಟ್ಟೆ ಮುಚ್ಚಿದ ತಟ್ಟೆ. ಬಸ್ಸಿಗೆ ಕೈ ಅಡ್ಡ ಹಿಡಿದಳು. ಗಾರ್ನೆಟ್ ನಿಲ್ಲಿಸಿದ. ಸುಮ್ಮನೆ ಹೋಗಲಿ ದೇವರೇ ಎಂದು ಓಮಾ ಬೇಡಿಕೊಂಡಳು. ಬೇಡಿಕೊಂಡು ಮುಗಿಯುವ ಮೊದಲೇ ಗಾರ್ನೆಟ್ ಕಿಟಕಿ ಸರಿಸಿದ.

"ಕೇಲಿ ಎಲ್ಲಿ ಅತ್ತೆ?"

ಜೋನಾಳಿಗೆ ಸುಳ್ಳು ಹೇಳಿ ಗೊತ್ತಿಲ್ಲ. "ಅವಳು ಮೇ ತಿಂಗಳಲ್ಲೇ ಹೋದಳಲ್ಲ. ವರ್ಲಿನ್ ಹೇಳಿಲ್ವಾ ನಿನಗೆ?"

ಗಾರ್ನೆಟ್ ಕನ್ನಡಿಯಲ್ಲಿ ಓಮಾಳನ್ನು ನೋಡಿದ. ಓಮಾ ಕಣ್ಣು ತಪ್ಪಿಸಲಿಲ್ಲ. ತಪ್ಪಿಸಿ ಆಗಬೇಕಾದದ್ದೂ ಏನಿರಲಿಲ್ಲ.

"ಇದು ಲೊರೀನ್ ಮನೆಗೆ," ಎಂದು ಜೋನಾ ತಟ್ಟೆಯನ್ನು ಕಿಟಕಿಗೆ ಎತ್ತಿದಳು. ಅದು ಎಂಟು ಪದರದ ಸೇಬಿನ ಕೇಕು. ಸಾವಿನ ಮನೆಗೂ ಮದುವೆಯ ಮನೆಗೂ ಆ ಕಡೆ ಅದನ್ನೇ ಒಯ್ಯುತ್ತಾರೆ. "ಎಲ್ಲಾ ಆ ಚೀಲದ ಸೇಬೇ. ನನ್ನ ಹಲ್ಲಲ್ಲಿ ಕಚ್ಚೋಕೆ ಎಲ್ಲಾಗತ್ತೆ? ಕೇಲಿ ಬಂದಾಗ ಇರಲಿ ಅಂತ ಹೆಚ್ಚಿ ಒಣಗಿಸ್ತಾ ಬಂದೆ. ಇವತ್ತು ಇವನಿಗೇ ಆಯ್ತು."

ಲೊರೀನ್ ಎದ್ದು ಬಂದು ತಟ್ಟೆ ಇಸಿದುಕೊಂಡಳು. "ನೀವೂ ಬನ್ನಿ ಅತ್ತೆ, ಗುಡ್ಡಕ್ಕೆ."

ಜೋನಾ ಬಸ್ಸಿನೊಳಗೆ ಇಣುಕಿ ತಲೆ ಎಣಿಸಿದಳು. "ಮೇಲೆ ಪಾದ್ರಿನೂ ಸೇರಿದರೆ ಹತ್ತಾಯ್ತು. ನಾನ್ಯಾಕೆ ಹೆಚ್ಚಿಗೆ? ಇಲ್ಲೇ ನಿಂತಿರ್ತೀನಿ."

ಗುಡ್ಡದ ಮೇಲೆ ಎಲ್ಲ ಬೇಗ ಮುಗಿಯಿತು. ಪಾದ್ರಿ ಹಾಡಿನ ಒಂದೊಂದೇ ಸಾಲು ಹೇಳಿಕೊಟ್ಟ, ಉಳಿದವರು ಬಟ್ಟೆಯ ಒಳಗಿಂದ ಎಳೆದೆಳೆದು ಹಾಡಿದರು. ಗಾರ್ನೆಟ್ ಕೋಟು ಕಳಚಿ, ಬೇಡವೆಂದರೂ ಕೇಳದೆ, ಕೊನೆಯ ತನಕ ಸಲಿಕೆಯಲ್ಲಿ ಮಣ್ಣು ಎಳೆದ. ಓಮಾ ನೋಡುತ್ತ ನಿಂತಳು. ತನ್ನ ಕೆಲಸ ಹೋದರೆ ಹೋಗಲಿ, ಚಳಿಗಾಲದಲ್ಲಿ ಆ ಮುದುಕಿ ಏನು ತಿಂದಾಳು ಎಂಬುದೇ ಅವಳನ್ನು ಕೊರೆಯುತ್ತಿತ್ತು.

ಗುಡ್ಡ ಇಳಿಯುವಾಗ ಬಸ್ಸಿನ ಹಿಂಭಾಗ ಬರಿದಾಗಿತ್ತು. ಜೋನಾ ಹೇಳಿದಂತೆ ಅಲ್ಲೇ ಇದ್ದಳು, ಮನೆಗೆ ಮರಳಲೆಂದು ರಸ್ತೆಯ ಅಂಚಿಗೆ ಬಂದು ಎರಡೂ ಕಡೆ ನೋಡುತ್ತಿದ್ದಳು. ಕೆಳಗಿನ ತಿರುವಿನಲ್ಲಿ ದಿಮ್ಮಿ ಲಾರಿಯೊಂದರ ಸದ್ದು ಕೇಳಿಸಿತು.

ಗಾರ್ನೆಟ್ ಬಸ್ಸು ನಿಲ್ಲಿಸಿದ.

"ಓಮಕ್ಕ, ಇಲ್ಲಿ ಎಷ್ಟು ಹೊತ್ತಿಗೆ ಬರ್ತಿದ್ರಿ ನೀವು?"

"ಹತ್ತೂ ಕಾಲಿಗೆ."

"ಹಾರ್ನ್?"

"ಎರಡು ಸಲ."

ಅವನು ಎರಡು ಸಲ ಹಾರ್ನ್ ಹೊಡೆದ. ಆಮೇಲೆ ಹಿಡಿಕೆ ಎಳೆದ. ತಲೆಯ ಮೇಲಿನ ಕೆಂಪು ದೀಪಗಳು ಮಿನುಗಿದವು, ಪಕ್ಕದಿಂದ ಫಲಕ ಹೊರಬಂತು. ತಿರುವು ದಾಟಿ ಬಂದ ಲಾರಿ ಬ್ರೇಕು ಕಿರುಚಿ ನಿಂತಿತು. ಜೋನಾ ಒಂದು ಕೈಯಲ್ಲಿ ಕೋಟಿನ ಅಂಚು ಹಿಡಿದುಕೊಂಡು ಮೆಲ್ಲಗೆ ರಸ್ತೆ ದಾಟುತ್ತಿದ್ದಳು. ಲಾರಿಯವನು ಕಿಟಕಿಯಿಂದ ಕತ್ತು ಹೊರಚಾಚಿ, ಮಗು ಎಲ್ಲಿದೆ ಎಂದು ಹುಡುಕುತ್ತಿದ್ದ.